ಹಿಟ್ಟು ಎಲ್ಲಿ ಮುಗಿಯುತ್ತದೆ, ರೊಟ್ಟಿ ಎಲ್ಲಿ ಮೊದಲಾಗುತ್ತದೆ? ಬೆಂಗಳೂರು–ಬೆಳಗಾವಿ ದಾರಿಯ ಹೋಟೆಲು, ಖಾನಾವಳಿಗಳ ಚರ್ಚೆ

ದಾರಿಹೋಕ (ಚರ್ಚೆ ಆರಂಭಿಸಿದವರು):

ಮುಂದಿನ ತಿಂಗಳು ತಂದೆಯವರನ್ನು ಕರೆದುಕೊಂಡು ಬೆಂಗಳೂರಿನಿಂದ ಬೆಳಗಾವಿಗೆ ಕಾರಿನಲ್ಲಿ ಹೋಗುವುದಿದೆ. ಅಕ್ಕನ ಮಗಳ ಮದುವೆ. ಸುಮಾರು 500 ಕಿಲೋಮೀಟರಿನ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಬಹುದಾದರೂ ತಂದೆಯವರಿಗೆ 72 ವರ್ಷವಾಗಿರುವುದರಿಂದ ಎರಡು ದಿನ ಮಾಡಿಕೊಂಡು, ನಡುವೆ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಉಳಿಯೋಣವೆಂದುಕೊಂಡಿದ್ದೇನೆ. ಎಲ್ಲೆಲ್ಲಿ ಏನೇನು ತಿನ್ನಬಹುದು ಎಂದು ಇಲ್ಲಿನ ಬಲ್ಲವರನ್ನು ಕೇಳುವುದಷ್ಟೇ ಮೊದಲು ನನ್ನ ಉದ್ದೇಶವಾಗಿತ್ತು.

ಆದರೆ ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ತಂದೆಯವರು, "ಹಿಟ್ಟು ಯಾವ ಊರಿಗೆ ಮುಗೀತದೆ, ರೊಟ್ಟಿ ಯಾವ ಊರಿಂದ ಶುರು ಆಯ್ತದೆ, ಅದನ್ನ ಕೇಳು ನಿನ್ನ ಫೋನಲ್ಲಿ" ಎಂದರು. ನಾವು ಕುಣಿಗಲ್ ಕಡೆಯವರು. ನಮ್ಮಲ್ಲಿ ಹಿಟ್ಟು ಎಂದರೆ ರಾಗಿ ಮುದ್ದೆಯೇ. ತಂದೆಯವರು ಸಾರಿಗೆ ಬಸ್ಸಿನಲ್ಲಿ ಎಷ್ಟೋ ಸಲ ಹುಬ್ಬಳ್ಳಿಗೆ ಹೋಗಿಬಂದಿದ್ದರೂ, ಅದು ರಾತ್ರಿ ಪ್ರಯಾಣವಾಗಿದ್ದರಿಂದ ಮಲಗುವಾಗ ಮುದ್ದೆಯ ಸೀಮೆಯಲ್ಲಿದ್ದು, ಕಣ್ಣು ಬಿಡುವಾಗ ರೊಟ್ಟಿಯ ಸೀಮೆಯಲ್ಲಿರುತ್ತಿದ್ದರಂತೆ. ನಡುವಿನ ಗೆರೆಯನ್ನು ಈ ಸಲ ಹಗಲಿನಲ್ಲಿ ನೋಡಬೇಕೆಂಬುದು ಅವರ ಆಸೆ.

ಹೆದ್ದಾರಿ 48ರ ಬದಿಯ ದೊಡ್ಡ ಹೋಟೆಲುಗಳಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಕಳೆದ ವರ್ಷ ಹಿರಿಯೂರಿನ ಹತ್ತಿರ ಅಂಥದ್ದೊಂದರಲ್ಲಿ ಕುಳಿತಿದ್ದೆ. ಮೆನು ಪುಸ್ತಕದಲ್ಲಿ ಗೋಬಿ ಮಂಚೂರಿಯಿಂದ ಪನೀರ್ ಬಟರ್ ಮಸಾಲದವರೆಗೆ ಎಲ್ಲವೂ ಇದ್ದವು, ಹಿರಿಯೂರಿನದು ಮಾತ್ರ ಏನೂ ಇರಲಿಲ್ಲ. ಆದ್ದರಿಂದ ದಾರಿ ಬಿಟ್ಟು ಊರೊಳಗೆ ಹೋಗಲು ನಾವು ಸಿದ್ಧರಿದ್ದೇವೆ. ದಯವಿಟ್ಟು ತಿಳಿಸಿ.

ಕಲ್ಪತರು:

ನಿಮ್ಮ ತಂದೆಯವರ ಪ್ರಶ್ನೆ ಚೆನ್ನಾಗಿದೆ. ಮೊದಲ ನಿಲುಗಡೆಗೆ ಯೋಚನೆ ಬೇಡ. ತುಮಕೂರಿಗೆ ಸ್ವಲ್ಪ ಮೊದಲೇ ಸಿಗುವ ಕ್ಯಾತ್ಸಂದ್ರದಲ್ಲಿ ಬೆಳಗಿನ ತಟ್ಟೆ ಇಡ್ಲಿ ತಿನ್ನಿರಿ. ಬಿಡದಿಯದೂ ತಟ್ಟೆ ಇಡ್ಲಿಯೇ, ಆದರೆ ಅದು ನಿಮಗೆ ಮೈಸೂರು ದಾರಿ. ಗುಳಿ ಇರುವ ಸಾಮಾನ್ಯ ಇಡ್ಲಿ ಪಾತ್ರೆಯ ಬದಲು, ಅಂಚಿರುವ ಚಪ್ಪಟೆ ತಟ್ಟೆಗಳಲ್ಲಿ ಹಿಟ್ಟನ್ನು ಹುಯ್ದು, ಒಂದರ ಮೇಲೊಂದು ಜೋಡಿಸಿ ಬೇಯಿಸುತ್ತಾರೆ. ಅಂಗೈಗಿಂತ ಅಗಲವಿದ್ದರೂ ಬೆರಳಿನಿಂದ ಒತ್ತಿದರೆ ಮತ್ತೆ ಉಬ್ಬಿ ಬರುವಷ್ಟು ಮೆತ್ತಗಿರಬೇಕು. ಮೇಲೆ ಇಷ್ಟು ಬೆಣ್ಣೆ, ಪಕ್ಕದಲ್ಲಿ ಗಟ್ಟಿ ಕಾಯಿ ಚಟ್ನಿ.

ಆ ಚಟ್ನಿಯನ್ನು ಗಮನವಿಟ್ಟು ತಿನ್ನಿರಿ ಎಂಬುದು ನನ್ನ ಕೋರಿಕೆ. ತಿಪಟೂರು, ಗುಬ್ಬಿ, ತುರುವೇಕೆರೆಗಳ ತೆಂಗಿನ ಸೀಮೆ ಇದು. ಕಾಯಿ ತುರಿಯಲು ಇಲ್ಲಿ ಯಾರೂ ಕೈಹಿಡಿತ ಮಾಡುವುದಿಲ್ಲ. ಬಡಗಣಕ್ಕೆ ಹೋದಂತೆ ಬಟ್ಟಲಿನಲ್ಲಿ ಕಾಯಿ ಕಡಿಮೆಯಾಗುತ್ತ, ಕಡಲೆಕಾಯಿ ಬೀಜ ಹೆಚ್ಚಾಗುತ್ತ ಹೋಗುತ್ತದೆ. ನಿಮ್ಮ ತಂದೆಯವರು ಮುದ್ದೆಯ ಗೆರೆಯನ್ನು ಹುಡುಕಲಿ, ನೀವು ಚಟ್ನಿಯ ಗೆರೆಯನ್ನು ಹುಡುಕಿರಿ. ನನಗೆ ತಿಳಿದ ಮಟ್ಟಿಗೆ ಎರಡನೆಯದೇ ಹೆಚ್ಚು ಸ್ಪಷ್ಟ.

ಮುದ್ದೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಮುದ್ದೆ ಮನೆಯಲ್ಲಿ ಇದ್ದಷ್ಟು ಹೋಟೆಲಿನಲ್ಲಿ ಇರುವುದಿಲ್ಲ. ಎಸರಿಗೆ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು ಬೇಯಲು ಬಿಟ್ಟು, ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಗಂಟಿಲ್ಲದಂತೆ ತೊಳಸುವುದು ತೋಳಿನ ಕೆಲಸ. ಕಟ್ಟಿದ ಮುದ್ದೆಯನ್ನು ಬಿಸಿ ಇರುವಾಗಲೇ ಉಣ್ಣಬೇಕು, ಬಿಟ್ಟರೆ ಮೇಲೆ ಚಕ್ಕೆಗಟ್ಟುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಗಿರಾಕಿ ಬಂದಂತೆ ಕೊಡುವ ಪದಾರ್ಥ ಅದಲ್ಲ. ಹಾಗಾಗಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ನಡುವೆ ಬೋರ್ಡು ನೋಡಬೇಕು. ನಮ್ಮ ಕಡೆ ಅದು ಹೆಚ್ಚಾಗಿ ಸಿಗುವುದು ಮಿಲಿಟರಿ ಹೋಟೆಲುಗಳಲ್ಲಿ, ಮಾಂಸದ ಸಾರಿನ ಜೊತೆಗೆ. ಬಸ್ಸಾರು, ಉಪ್ಪುಸಾರಿನ ಜೊತೆ ಮುದ್ದೆ ಕೊಡುವ ಸಸ್ಯಾಹಾರಿ ಹೋಟೆಲುಗಳು ಬೆರಳೆಣಿಕೆಯಷ್ಟು. ಶಿರಾ ಕಡೆ ಕುರಿ ಮಾಂಸಕ್ಕೆ ಹೆಸರಿದೆ, ತಂದೆಯವರು ತಿನ್ನುವವರಾದರೆ ಮಧ್ಯಾಹ್ನದ ಊಟವನ್ನು ಅಲ್ಲಿಗೆ ಇಟ್ಟುಕೊಳ್ಳಿ.

ದುರ್ಗದ ಬಂಡೆ:

ಗೆರೆ ಹುಡುಕುವವರಿಗೆ ನಮ್ಮ ಚಿತ್ರದುರ್ಗ ಜಿಲ್ಲೆ ನಿರಾಶೆ ಮಾಡುತ್ತದೆ, ಏಕೆಂದರೆ ನಮ್ಮಲ್ಲಿ ಎರಡೂ ಇವೆ, ಅದಲ್ಲದೆ ನಿಮ್ಮ ತಂದೆಯವರು ಲೆಕ್ಕಕ್ಕೆ ತೆಗೆದುಕೊಳ್ಳದ ಮೂರನೆಯದೂ ಇದೆ. ಅದು ಜೋಳದ ಮುದ್ದೆ. ನಮ್ಮಜ್ಜಿಯ ಮನೆಯಲ್ಲಿ ಬೇಸಿಗೆಯಲ್ಲಿ ರಾಗಿ, ಸುಗ್ಗಿಯಾದ ಮೇಲೆ ಜೋಳ. ಕೈ ಮಾತ್ರ ಒಂದೇ. ಬಿಳಿಯ ಮುದ್ದೆಯನ್ನು ಬೇಳೆ ಸಾರಿಗೋ ಸೊಪ್ಪಿನ ಸಾರಿಗೋ ಅದ್ದಿ ಉಣ್ಣುತ್ತಿದ್ದೆವು. ದಾವಣಗೆರೆ, ಬಳ್ಳಾರಿ ಕಡೆಗೂ ಇದೇ ವಾಡಿಕೆ. ಅಂದರೆ ಕಾಳು ಬದಲಾದ ಜಾಗವೇ ಬೇರೆ, ಅದನ್ನು ಅಡುಗೆ ಮಾಡುವ ರೀತಿ ಬದಲಾದ ಜಾಗವೇ ಬೇರೆ. ರಾಗಿಯಿಂದ ಜೋಳಕ್ಕೆ ಬರುವುದು ಒಂದು ಗೆರೆಯಾದರೆ, ಮುದ್ದೆಯಿಂದ ರೊಟ್ಟಿಗೆ ಬರುವುದು ಇನ್ನೊಂದು. ಇವೆರಡರ ನಡುವೆ ಬಹಳ ಅಗಲವಿದೆ, ನಾವು ಬದುಕುವುದು ಅದರೊಳಗೆ.

ಕಾರಣ ಕಾಲಡಿಯಲ್ಲಿದೆ. ತುಮಕೂರಿನಿಂದ ಬರುವಾಗ ದಾರಿಯ ಎರಡೂ ಬದಿಗೆ ಕೆಂಪು ಮಣ್ಣು ಕಾಣುತ್ತೀರಿ. ಹಿರಿಯೂರಿನಿಂದ ಮುಂದೆ ಅಲ್ಲಲ್ಲಿ ಕಪ್ಪು ಎರೆ ಮಣ್ಣಿನ ತೇಪೆಗಳು ಕಾಣತೊಡಗುತ್ತವೆ. ಕೆಂಪು ಮಣ್ಣು ನೀರು ಹಿಡಿಯುವುದಿಲ್ಲ. ಆಗಾಗ ಹನಿಯುವ ಮುಂಗಾರು ಮಳೆಗೆ ಅಲ್ಲಿ ರಾಗಿಯೇ ಸರಿ. ಎರೆ ಮಣ್ಣಿಗೆ ಒಮ್ಮೆ ಚೆನ್ನಾಗಿ ಮಳೆಯಾದರೆ ಸಾಕು, ಆ ಹಸಿಯಲ್ಲೇ ಜೋಳ ಬೆಳೆದುಬಿಡುತ್ತದೆ.

ಚಟ್ನಿಯ ವಿಷಯದಲ್ಲಿ ಕಲ್ಪತರು ಅವರ ಮಾತು ನಿಜ. ಚಳ್ಳಕೆರೆ ಶೇಂಗಾ ಎಣ್ಣೆ ಗಾಣಗಳ ಊರು. ನಮ್ಮಲ್ಲಿ ಆಗಲೇ ಯಾರೂ ಕಡಲೆಕಾಯಿ ಎನ್ನುವುದಿಲ್ಲ, ಶೇಂಗಾ ಎನ್ನುತ್ತಾರೆ.

ಗೋಡಂಬಿ:

ರೊಟ್ಟಿ ಎಂದರೆ ಜೋಳದ್ದೇ ಎಂದು ಎಲ್ಲರೂ ಮಾತಾಡುತ್ತಿದ್ದೀರಿ. ನಮ್ಮ ಹಾಸನ, ಮಲೆನಾಡಿನ ಅಕ್ಕಿ ರೊಟ್ಟಿ, ಈರುಳ್ಳಿ ಹಾಕಿದ ರಾಗಿ ರೊಟ್ಟಿ ಇವೆಲ್ಲ ರೊಟ್ಟಿಗಳಲ್ಲವೇ?

ದುರ್ಗದ ಬಂಡೆ:

ರೊಟ್ಟಿಗಳೇ, ಗೋಡಂಬಿಯವರೇ. ಆದರೆ ಅವು ನಿಮ್ಮಲ್ಲಿ ಬಹುಮಟ್ಟಿಗೆ ತಿಂಡಿ. ಮಧ್ಯಾಹ್ನದ ಊಟದ ಮೂಲ ಪದಾರ್ಥ ಯಾವುದು ಎಂಬುದು ಇಲ್ಲಿನ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ.

ಮಂಡಕ್ಕಿ ಭಟ್ಟಿ:

ದಾವಣಗೆರೆಯಲ್ಲಿ ಉಳಿಯಿರಿ ಎಂದು ಹೇಳಲು ನನಗೆ ಸ್ವಾರ್ಥವಿದೆ, ಆದರೂ ಹೇಳುತ್ತೇನೆ. ಬೆಣ್ಣೆ ದೋಸೆಯನ್ನು ಬೆಂಗಳೂರಿನಲ್ಲಿ ತಿಂದವರು ಅದು ಬೆಣ್ಣೆ ಹೆಚ್ಚು ಹಾಕಿದ ಮಸಾಲೆ ದೋಸೆ ಎಂದು ತಿಳಿದಿರುತ್ತಾರೆ. ಅಲ್ಲ. ಅಕ್ಕಿ, ಉದ್ದಿನ ಜೊತೆಗೆ ಹಿಟ್ಟಿಗೆ ಮಂಡಕ್ಕಿ ನೆನೆಸಿ ರುಬ್ಬುತ್ತಾರೆ, ಅದರಿಂದ ಒಳಗೆ ಮೆತ್ತಗೆ, ತಳ ಗರಿಗರಿ. ಒಳಗೆ ಕೆಂಪು ಚಟ್ನಿ ಸವರುವುದಿಲ್ಲ. ಆಲೂಗಡ್ಡೆ ಪಲ್ಯಕ್ಕೆ ಅರಿಶಿನದ ಆರ್ಭಟವಿಲ್ಲ, ಬೆಳ್ಳಗೆ ಕಿವುಚಿದ ಪಲ್ಯವನ್ನು ಪಕ್ಕದಲ್ಲಿ ಒಂದು ಉಂಡೆಯಷ್ಟು ಇಡುತ್ತಾರೆ. ಸಾಂಬಾರು ಕೇಳಿದರೆ ಹಳೆಯ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ, ಏಕೆಂದರೆ ಕಾಯಿ ಚಟ್ನಿ ಮಾತ್ರ ಇದರ ಜೋಡಿ. ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ದೋಸೆ ಎಂದು ಮೂರು ಬಗೆ. ತಂದೆಯವರಿಗೆ ಬೆಣ್ಣೆ ಆಗದಿದ್ದರೆ ಖಾಲಿ ದೋಸೆ ಹೇಳಿರಿ, ಖಾಲಿ ಎಂದರೆ ಮುಗಿದಿದೆ ಎಂದಲ್ಲ!

ಸೌದೆ ಒಲೆಯ ಅಂಗಡಿಯಲ್ಲಿ ಕಾವಲಿಯ ಮುಂದೆ ಹತ್ತು ನಿಮಿಷ ನಿಂತು ನೋಡಿದರೆ ಊಟದಷ್ಟೇ ತೃಪ್ತಿ. ಹುಯ್ಯುವವನು ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಒಂದೇ ಅಳತೆಯ ದೋಸೆಗಳನ್ನು ಸಾಲಾಗಿ ಹುಯ್ಯುತ್ತಾನೆ. ಆಮೇಲೆ ಪಾತ್ರೆಯಿಂದ ಬೆಣ್ಣೆಯನ್ನು ಬೆರಳಲ್ಲೇ ಕಿತ್ತು ಒಂದೊಂದರ ಮೇಲೂ ಎಸೆಯುತ್ತ ಹೋಗುತ್ತಾನೆ. ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಈಗ ಚರ್ಚೆಗೆ ಸಂಬಂಧಿಸಿದ ಮಾತು. ಈ ದೋಸೆ ದಾವಣಗೆರೆಯ ಮಣ್ಣಿನಿಂದ ಹುಟ್ಟಿದ್ದಲ್ಲ. ಚೆನ್ನಮ್ಮ ಎಂಬ ಮಹಿಳೆ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಇಲ್ಲಿಗೆ ಬಂದು, ಮೊದಲು ರಾಗಿ ದೋಸೆ ಮಾಡಿ ಮಾರುತ್ತಿದ್ದರೆಂದೂ, ಮುಂದೆ ಅವರ ಮಕ್ಕಳ ಕಾಲದಲ್ಲಿ ಅದು ಅಕ್ಕಿಯ ಬೆಣ್ಣೆ ದೋಸೆಯಾಯಿತೆಂದೂ ಊರಲ್ಲಿ ಎಲ್ಲರೂ ಹೇಳುವ ವೃತ್ತಾಂತ. ಆಗ ಈ ಊರು ಹತ್ತಿ ಗಿರಣಿಗಳ ಊರಾಗಿ ಬೆಳೆಯುತ್ತಿತ್ತು. ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ ಕಡಿಮೆ ದುಡ್ಡಿನಲ್ಲಿ, ಬೇಗ ಕೈಗೆ ಸಿಗುವ, ಹೊಟ್ಟೆ ಹಿಡಿಯುವ ತಿಂಡಿ ಬೇಕಿತ್ತು. ಗಿರಣಿಗಳು ಮುಚ್ಚಿದವು, ದೋಸೆ ಉಳಿಯಿತು. ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯೂ ಹಾಗೆಯೇ. ಅದನ್ನೂ ಬಿಡಬೇಡಿ, ನರ್ಗೀಸ್ ಮಂಡಕ್ಕಿ ಎಂದು ಕೇಳಿ ತಿನ್ನಿರಿ.

ಮನೆಯ ತಟ್ಟೆಯನ್ನು ನೆಲ ನಿರ್ಧರಿಸುತ್ತದೆ ಎಂಬ ದುರ್ಗದವರ ಮಾತನ್ನು ಒಪ್ಪುತ್ತೇನೆ. ಹೋಟೆಲಿನ ತಟ್ಟೆಗೆ ಆ ನಿಯಮ ಸಲ್ಲುವುದಿಲ್ಲ. ಅದನ್ನು ನಿರ್ಧರಿಸುವುದು ಯಾರು ಎಲ್ಲಿಂದ ಊರಿಗೆ ಬಂದರು, ಬಂದವರು ಯಾರಿಗೆ ಬಡಿಸಿದರು ಎಂಬುದು.

ದಾರಿಹೋಕ:

ಹಾಗಾದರೆ ಹೋಟೆಲ್ ಬೋರ್ಡು ನೋಡಿ ಗೆರೆ ಹುಡುಕಲು ಹೊರಟ ನಮ್ಮ ಲೆಕ್ಕವೇ ತಪ್ಪೇನೋ. ತಂದೆಯವರಿಗೆ ಓದಿ ಹೇಳಿದೆ. "ಅದಕ್ಕೇ ನೋಡು, ಎಲ್ಲಾ ಊರಲ್ಲೂ ಉಡುಪಿ ಹೋಟೆಲೇ ಇರಾದು" ಎಂದರು.

ಹಂಗಾರಕಟ್ಟೆ:

ತಂದೆಯವರ ಆ ಮಾತಿಗೆ ನಾನು ಉತ್ತರಿಸಬೇಕಾಗುತ್ತದೆ. ಕರಾವಳಿಯಲ್ಲಿ ಗದ್ದೆ ಕಡಿಮೆ, ಮನೆಯಲ್ಲಿ ಮಕ್ಕಳು ಹೆಚ್ಚು. ಹತ್ತು-ಹನ್ನೆರಡು ವರ್ಷಕ್ಕೇ ಹುಡುಗರನ್ನು ಘಟ್ಟದ ಮೇಲಿನ ಹೋಟೆಲಿಗೆ ಲೋಟ ತೊಳೆಯಲು ಕಳಿಸುತ್ತಿದ್ದ ಕಾಲವೊಂದಿತ್ತು. ಮಠದ ಅಡುಗೆ, ಮದುವೆ ಅಡುಗೆ ಬಲ್ಲವರಿದ್ದರು, ಕೈಯಲ್ಲಿ ಬೇರೆ ಬಂಡವಾಳವಿರಲಿಲ್ಲ. ನನ್ನ ದೊಡ್ಡಪ್ಪ ಹಾಗೆ ರಾಣೆಬೆನ್ನೂರಿಗೆ ಹೋದವರು. ಲೋಟ ತೊಳೆದು, ಸಪ್ಲೈಯರ್ ಆಗಿ, ಆಮೇಲೆ ಬಾಡಿಗೆಗೆ ಒಂದು ಸಣ್ಣ ಹೋಟೆಲು ಹಿಡಿದರು.

ಅವರು ಹೇಳುತ್ತಿದ್ದ ಒಂದು ಸಂಗತಿ ಈ ಚರ್ಚೆಗೆ ಒಪ್ಪುತ್ತದೆ. ಮೊದಲ ವಾರ ಊರಿನ ಕ್ರಮದಂತೆ ಸಾಂಬಾರಿಗೆ ಕಾಯಿ ಅರೆದು, ಬೆಲ್ಲ ಹಾಕಿದ್ದರಂತೆ. ಹತ್ತಿ ಮಾರಲು ಬಂದಿದ್ದ ರೈತರೊಬ್ಬರು ಇಡ್ಲಿಯನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟು, "ಏನ್ ಭಟ್ರ, ಪಾನಕ ಮಾಡೀರೇನು?" ಎಂದು ಕೇಳಿದರಂತೆ. ಮರುದಿನದಿಂದ ಬೆಲ್ಲ ಅರ್ಧವಾಯಿತು. ಒಂದು ವರ್ಷದೊಳಗೆ ಪೂರ್ತಿ ನಿಂತು, ಬ್ಯಾಡಗಿ ಮೆಣಸಿನಕಾಯಿ ದುಪ್ಪಟ್ಟಾಯಿತು. ಬೋರ್ಡಿನ ಮೇಲೆ ಉಡುಪಿಯ ಹೆಸರು ಹಾಗೆಯೇ ಇತ್ತು. ರಜೆಯಲ್ಲಿ ಊರಿಗೆ ಬಂದಾಗ ದೊಡ್ಡಪ್ಪನಿಗೆ ನಮ್ಮ ಮನೆಯ ಸಾಂಬಾರು ಸಪ್ಪೆ ಎನಿಸುತ್ತಿತ್ತು, ದೊಡ್ಡಮ್ಮ ಅದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದರು.

ನಿರ್ವಾಹಕರು:

ಚರ್ಚೆ ಚೆನ್ನಾಗಿ ಸಾಗಿದೆ. ಇಂದು ಬಂದ ಒಂದು ಬರಹದಲ್ಲಿ ನಿರ್ದಿಷ್ಟ ಹೋಟೆಲೊಂದರ ಹೆಸರು ಹಾಕಿ ದೂರು ಬರೆಯಲಾಗಿತ್ತು, ಅದನ್ನು ತೆಗೆದಿದ್ದೇವೆ. ವಿಷಯದ ಮೇಲೆ ಮುಂದುವರಿಯಿರಿ.

ಎರೆಹೊಲ:

ಧಾರವಾಡದಿಂದ ಬರೆಯುತ್ತಿದ್ದೇನೆ. ಗೆರೆ ಬೇಕೇ ಬೇಕೆಂದರೆ ಒಂದು ಇದೆ, ಆದರೆ ಅದನ್ನು ಎಳೆದದ್ದು ಮಣ್ಣಲ್ಲ. ಹರಿಹರ ದಾಟಿ ತುಂಗಭದ್ರೆಯ ಸೇತುವೆಯ ಮೇಲೆ ಬರುತ್ತೀರಲ್ಲ, 1956ರವರೆಗೆ ಆ ಹೊಳೆಯ ತೆಂಕಣ ದಂಡೆ ಮೈಸೂರು, ಬಡಗಣ ದಂಡೆ ಮುಂಬಯಿ. ಇತ್ತಲಿನ ನಮ್ಮ ಹಿರಿಯರು ವ್ಯಾಪಾರಕ್ಕೂ ಓದಿಗೂ ಪುಣೆ-ಮುಂಬಯಿ ಕಡೆ ಮುಖ ಮಾಡಿದ್ದರು, ಅತ್ತಲಿನವರು ಬೆಂಗಳೂರಿನ ಕಡೆ. ಜೋಳ ಎರಡೂ ದಂಡೆಯಲ್ಲಿ ಇದ್ದರೂ, ಹೊಳೆ ದಾಟಿದ ಮೇಲೆ ಬೋರ್ಡಿನ ಮೇಲೆ ‘ಖಾನಾವಳಿ’ ಎಂಬ ಪದ ಮಾಮೂಲಾಗುತ್ತದೆ. ಪದವೇ ಮರಾಠಿಯ ಕಡೆಯಿಂದ ಬಂದದ್ದು. ಕಾಫಿ ಹಿಂದೆ ಸರಿದು ಚಹಾ ಮುಂದೆ ಬರುತ್ತದೆ. ದಾವಣಗೆರೆಯಲ್ಲಿ ಖಾನಾವಳಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಇವೆ, ಆದರೆ ಅಲ್ಲಿ ಅವು ಹಲವುಗಳಲ್ಲಿ ಒಂದು.

ಖಾನಾವಳಿಗೂ ಹೋಟೆಲಿಗೂ ವ್ಯತ್ಯಾಸವಿದೆ. ಹೋಟೆಲು ದಾರಿಯಲ್ಲಿ ಹೋಗುವವನಿಗೆ, ಖಾನಾವಳಿ ಊರಲ್ಲಿ ಉಳಿದವನಿಗೆ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು, ಮುಂದೆ ವಿಶ್ವವಿದ್ಯಾಲಯ ಬಂದ ಮೇಲೆ ಸುತ್ತಲಿನ ಜಿಲ್ಲೆಗಳಿಂದ ಹುಡುಗರು ಬಂದು ರೂಮು ಹಿಡಿದರು. ತಿಂಗಳಿಗೆ ಇಷ್ಟು ಎಂದು ಕಟ್ಟಿದರೆ ಎರಡು ಹೊತ್ತು ಊಟ. ನಾನು ಓದುವಾಗ ಇದ್ದ ಖಾನಾವಳಿಯಲ್ಲಿ ಲೆಕ್ಕದ ಪುಸ್ತಕವನ್ನು ಮೊಳೆಗೆ ತೂಗುಹಾಕಿರುತ್ತಿದ್ದರು. ಉಂಡು ಕೈ ತೊಳೆದು ನಾವೇ ಗೀಟು ಹಾಕಿ ಹೋಗಬೇಕು. ಹಬ್ಬಕ್ಕೆ ಊರಿಗೆ ಹೋದವರ ಗೀಟನ್ನು ಇನ್ನೊಬ್ಬ ಹಾಕಿ, ಇಬ್ಬರ ಊಟ ಒಬ್ಬನೇ ಉಂಡದ್ದೂ ಉಂಟು. ಆಗ ರೊಟ್ಟಿಗೆ ಎಣಿಕೆ ಇರಲಿಲ್ಲ. ಈಗ ಎರಡೋ ಮೂರೋ ರೊಟ್ಟಿ, ಮೇಲೆ ಬೇಕೆಂದರೆ ಬೇರೆ ದುಡ್ಡು. ಇದಕ್ಕೆ ಮಾಲೀಕರನ್ನು ಬೈದು ಫಲವಿಲ್ಲ, ಏಕೆಂದರೆ ಜೋಳದ ದರಕ್ಕಿಂತ ರೊಟ್ಟಿ ಬಡಿಯುವ ಕೈ ಸಿಗುವುದು ದುಬಾರಿಯಾಗಿದೆ.

ಬಡಿಯುವುದೆಂದರೆ ಏನು ಎಂದು ಮುದ್ದೆ ತೊಳಸುವವರಿಗೆ ತಿಳಿಯಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆ ಬರುವುದಿಲ್ಲ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಹುಯ್ದು, ಕೈ ಸುಡುವಾಗಲೇ ನಾದಿದರೆ ಜಿಗುಟು ಬರುತ್ತದೆ. ಹಳೆಯ ಜೋಳವಾದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಆಮೇಲೆ ಅಂಗೈಯಿಂದ ಬಡಿಯುತ್ತ, ಅದೇ ಏಟಿನಲ್ಲಿ ತಿರುಗಿಸುತ್ತ, ತಟ್ಟೆಯಗಲ ಮಾಡಿ ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಕೊನೆಗೆ ಕೆಂಡದ ಬಳಿ ನಿಲ್ಲಿಸಿದರೆ ಉಬ್ಬುತ್ತದೆ. ಖಾನಾವಳಿಯ ಅಡುಗೆಮನೆಯಿಂದ ಬರುವ ಆ ಪಟಪಟ ಸದ್ದು ನಿಂತಿದ್ದರೆ ಒಳಗೆ ಹೋಗಬೇಡಿ, ರೊಟ್ಟಿ ಬೆಳಗಿನದು ಎಂದು ಅರ್ಥ. ಒಣಗಿಸಿ ಗರಿಗರಿ ಮಾಡಿದ ಕಟಕ್ ರೊಟ್ಟಿಯ ಮಾತು ಬೇರೆ. ಅದು ತಿಂಗಳುಗಟ್ಟಲೆ ಇರುತ್ತದೆ, ಬೆಳಗಾವಿಯಿಂದ ಬರುವಾಗ ಒಂದು ಕಟ್ಟು ಕಟ್ಟಿಸಿಕೊಂಡು ಬನ್ನಿ.

ಜೋಳದಲ್ಲೂ ಹಿಂಗಾರಿಯ ಮಾಲ್‌ದಂಡಿಯೇ ರೊಟ್ಟಿಗೆ ರಾಜ. ಮುಂಗಾರಿನ ಜೋಳ ತೆನೆಯಾಗುವಾಗ ಮಳೆಗೆ ಸಿಕ್ಕಿ ಕಪ್ಪಾಗುವುದುಂಟು. ಹಿಂಗಾರಿಯದು ಮಳೆಗಾಲ ಮುಗಿಯುತ್ತ ಬಿತ್ತಿ, ಎರೆಯ ಹಸಿಯಲ್ಲೂ ಚಳಿಗಾಲದ ಇಬ್ಬನಿಯಲ್ಲೂ ಬೆಳೆಯುವುದರಿಂದ ಕಾಳು ಮುತ್ತಿನಂತೆ ಬೆಳ್ಳಗೆ. ವಿಜಯಪುರದ ಕಡೆಯವರು ಇದರಲ್ಲಿ ನಮಗಿಂತ ಮುಂದು ಎಂದು ಒಪ್ಪಿಕೊಳ್ಳುವುದು ಧಾರವಾಡದವನಾಗಿ ಸ್ವಲ್ಪ ಕಷ್ಟ.

ತಟ್ಟೆಯಲ್ಲಿ ಏನಿರುತ್ತದೆಂದರೆ, ಎಣ್ಣೆಗಾಯಿ ಬದನೆ, ಮೊಳಕೆ ಕಾಳಿನ ಪಲ್ಯ, ಪುಂಡಿ ಪಲ್ಯ ಅಥವಾ ಝುಣಕ, ಒಂದು ಬದಿಗೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ, ಮೂಲಂಗಿ, ಇನ್ನೊಂದು ಬದಿಗೆ ಮೊಸರು ಮತ್ತು ಚಟ್ನಿ. ನಮ್ಮಲ್ಲಿ ಚಟ್ನಿ ಎಂದರೆ ಶೇಂಗಾ, ಅಗಸಿ, ಗುರೆಳ್ಳು ಇವುಗಳ ಪುಡಿ. ಬೆಂಗಳೂರಿನ ಗೆಳೆಯರೊಬ್ಬರು ಚಟ್ನಿ ಹಾಕಿ ಎಂದು ಕೇಳಿ, ಪುಡಿ ಬಂದದ್ದನ್ನು ನೋಡಿ, "ಇದಕ್ಕೆ ನೀರು ಹಾಕುವುದು ಮರೆತಿದ್ದಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು.

ಖಾರಕ್ಕೆ ಹೆದರಬೇಡಿ. ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆ ಬಣ್ಣದಲ್ಲಿ. ಸುಕ್ಕುಗಟ್ಟಿದ ಆ ಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಪಲ್ಯ ಕೆಂಪಗಿದ್ದ ಮಾತ್ರಕ್ಕೆ ನಾಲಿಗೆ ಸುಡುವುದಿಲ್ಲ. ಸುಡುವುದು ಹಸಿಮೆಣಸಿನಕಾಯಿ ಖಾರ, ಅದನ್ನು ಕಂಡರೆ ಹುಷಾರು.

ಬೆಟಗೇರಿ ಮಗ್ಗ:

ಎರೆಹೊಲದವರು ಶಾಕಾಹಾರದಲ್ಲೇ ಮುಗಿಸಿದರು. ಹುಬ್ಬಳ್ಳಿಯಲ್ಲಿ ಉಳಿದರೆ ಸಾವಜಿ ಊಟ ಬಿಡಬಾರದು. ಸಾವಜಿ ಎಂದರೆ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ಅಡುಗೆ. ನೇಕಾರಿಕೆಯ ಕುಲ, ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಗಳಲ್ಲಿ ದೊಡ್ಡ ನೆಲೆ. ಮಗ್ಗದ ಮನೆಯ ಮುಂಬಾಗವನ್ನೇ ಊಟದ ಕೋಣೆ ಮಾಡಿ ಶುರುವಾದ ಖಾನಾವಳಿಗಳನ್ನು ನಾನೇ ನೋಡಿದ್ದೇನೆ. ಒಣಕೊಬ್ಬರಿ, ಗಸಗಸೆ, ಹುರಿದ ಮಸಾಲೆಯ ಮಟನ್ ಸಾರು ಬೆಂಕಿಯ ಬಣ್ಣದಲ್ಲಿ ಬರುತ್ತದೆ, ಮೇಲೆ ಎಣ್ಣೆ ತೇಲುತ್ತಿರುತ್ತದೆ. ರೊಟ್ಟಿಯನ್ನು ಎಣ್ಣೆಗೆ ತಾಗಿಸದೆ ತಳದ ರಸಕ್ಕೆ ಅದ್ದುವುದು ಅಭ್ಯಾಸದಿಂದ ಬರುವ ವಿದ್ಯೆ. ಖೀಮಾ ಉಂಡಿಯನ್ನು ಬೇಗ ಕೇಳಿರಿ, ಮಧ್ಯಾಹ್ನ ಎರಡಕ್ಕೆ ಮುಗಿದಿರುತ್ತದೆ.

ಬೆಂಗಳೂರಿನಲ್ಲಿ ‘ಸಾವಜಿ’ ಎಂದು ಬೋರ್ಡು ಹಾಕಿಕೊಂಡ ಕೆಲವೆಡೆ ಖಾರವನ್ನಷ್ಟೇ ಸಾವಜಿ ಎಂದುಕೊಂಡಿದ್ದಾರೆ. ಮಸಾಲೆ ಹುರಿಯುವ ತಾಳ್ಮೆ ಇಲ್ಲದಿದ್ದರೆ ಅದು ಬರಿಯ ಮೆಣಸಿನಕಾಯಿ ನೀರು.

ಚಿಂಚವಾಡದ ಕನ್ನಡಿಗ:

ಹದಿನೈದು ವರ್ಷದಿಂದ ಪುಣೆಯ ಬಳಿ ಇದ್ದು, ಇದೇ ದಾರಿಯಲ್ಲಿ ಉಲ್ಟಾ ದಿಕ್ಕಿನಿಂದ ಓಡಾಡುವವನು ನಾನು. ನನಗೆ ಊರು ಬಂತೆಂದು ಗೊತ್ತಾಗುವುದು ಮಂಡಕ್ಕಿಯ ಹೆಸರಿನಿಂದ. ಧಾರವಾಡದಲ್ಲಿ ಚುರುಮುರಿ ಎಂದು ಕೇಳಿಸಿದ್ದು ದಾವಣಗೆರೆಗೆ ಬಂದರೆ ಮಂಡಕ್ಕಿ, ತುಮಕೂರು ದಾಟಿದರೆ ಕಡ್ಲೆಪುರಿ. ವಿಜಯಪುರದ ಕಡೆ ಅದನ್ನೇ ನೆನೆಸಿ ಒಗ್ಗರಣೆ ಕೊಟ್ಟರೆ ಸೂಸಲಾ. ಪದಾರ್ಥ ಒಂದೇ ಆದರೂ ಗಿರಮಿಟ್ಟಿನ ರುಚಿ ಹುಬ್ಬಳ್ಳಿ-ಧಾರವಾಡ ಬಿಟ್ಟು ಬೇರೆಲ್ಲೂ ಸರಿಬರುವುದಿಲ್ಲ. ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆಯ ಗೊಜ್ಜನ್ನು ಮೊದಲೇ ಬೇಯಿಸಿಟ್ಟುಕೊಂಡು, ಕೇಳಿದಾಗ ಚುರುಮುರಿಗೆ ಕಲಸಿ, ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಜೊತೆಗೊಂದು ಮಿರ್ಚಿ ಇಟ್ಟು ಕೊಡುತ್ತಾರೆ. ಕಲಸಿ ಎರಡು ನಿಮಿಷದಲ್ಲಿ ತಿನ್ನಬೇಕು, ಹಾಗಾಗಿ ಕಟ್ಟಿಸಿಕೊಂಡು ಕಾರಿನಲ್ಲಿ ತಿನ್ನುವ ಯೋಚನೆ ಬಿಡಿ.

ಸಿಹಿಗೆ ಧಾರವಾಡ ಪೇಡೆ, ಬೆಳಗಾವಿಯಲ್ಲಿ ಕುಂದಾ. ಪೇಡೆಯೂ ವಲಸೆಯ ಕಥೆಯೇ, ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನ ಅದನ್ನು ಇಲ್ಲಿ ಮಾಡತೊಡಗಿತು. ಮಂಡಕ್ಕಿ ಭಟ್ಟಿಯವರ ಮಾತಿಗೆ ಇನ್ನೊಂದು ಸಾಕ್ಷಿ ಎನ್ನಬಹುದು.

ಎರೆಹೊಲ:

ಸೇರಿಸಲು ಮರೆತೆ. ಬೆಳಗಾವಿ ಮದುವೆ ಎಂದಿರಿ. ಮಾಂಡೆ (ತೆಳ್ಳಗಿನ ಸಿಹಿ ರೊಟ್ಟಿ) ಇದ್ದರೆ ತಂದೆಯವರಿಗೆ ಎರಡು ಹಾಕಿಸಿ, ಹಲ್ಲಿಲ್ಲದವರೂ ತಿನ್ನಬಹುದು.

ದಾರಿಹೋಕ:

ಮದುವೆ ಮುಗಿಸಿ ನಿನ್ನೆ ರಾತ್ರಿ ಬಂದೆವು. ಉತ್ತರಿಸಿದ ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಕ್ಯಾತ್ಸಂದ್ರದಲ್ಲಿ ಎರಡೆರಡು ತಟ್ಟೆ ಇಡ್ಲಿ ತಿಂದೆವು. ಚಟ್ನಿ ಗಟ್ಟಿಯಾಗಿತ್ತು. ಶಿರಾದಲ್ಲಿ ಮಧ್ಯಾಹ್ನವಾಗಿರಲಿಲ್ಲ, ಮುದ್ದೆಗೆ ಇನ್ನೂ ಎಸರು ಇಟ್ಟಿದ್ದಾರೆಂದರು. ಚಿತ್ರದುರ್ಗಕ್ಕೆ ಒಂದೂವರೆಗೆ ಬಂದು, ಹೆದ್ದಾರಿ ಬಿಟ್ಟು ಊರೊಳಗೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಊಟದ ಹೋಟೆಲು ಹಿಡಿದೆವು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ರಾಗಿ ಮುದ್ದೆ, ಜೋಳದ ಮುದ್ದೆ, ರೊಟ್ಟಿ, ಅನ್ನ’ ಎಂದು ಒಂದರ ಕೆಳಗೊಂದು ಬರೆದಿದ್ದರು. ತಂದೆಯವರು ಸ್ವಲ್ಪ ಹೊತ್ತು ಆ ಹಲಗೆಯನ್ನೇ ನೋಡುತ್ತ ನಿಂತರು. ಆಮೇಲೆ ಜೋಳದ ಮುದ್ದೆ ಹೇಳಿದರು. ಮೊದಲ ತುತ್ತನ್ನು ರೂಢಿಯಂತೆ ಅಗಿಯದೆ ನುಂಗಿ, "ಜಾರಾಕಿಲ್ಲ, ಆದ್ರೆ ವಾಸನೆ ಸೆಂದಾಗದೆ" ಎಂದರು. ಬಡಿಸುವವರನ್ನು ಕರೆದು ಗೆರೆಯ ಪ್ರಶ್ನೆಯನ್ನೂ ಕೇಳಿಬಿಟ್ಟರು. ಅವರು, "ನಮ್ಮ ತಾಯಿ ಹೊಸದುರ್ಗದವರು, ನಮ್ಮ ಮನೆಯವರು ಜಗಳೂರಿನವರು, ನಮ್ಮನೇಲೇ ಎರಡೂ ಆಗಬೇಕು ಯಜಮಾನ್ರೆ" ಎಂದು ಇನ್ನೊಂದು ಸೌಟು ಸಾರು ಹಾಕಿ ಹೋದರು.

ದಾವಣಗೆರೆಯಲ್ಲಿ ಉಳಿದೆವು. ಬೆಣ್ಣೆ ಎಸೆಯುವುದನ್ನು ಹತ್ತು ನಿಮಿಷವಲ್ಲ, ಅರ್ಧ ಗಂಟೆ ನೋಡಿದೆವು. ಮರುದಿನ ಧಾರವಾಡದ ಖಾನಾವಳಿಯಲ್ಲಿ ಪಟಪಟ ಸದ್ದು ಕೇಳಿಸಿಕೊಂಡೇ ಒಳಗೆ ಹೋದೆವು. ತಂದೆಯವರು ಮೂರು ರೊಟ್ಟಿ ಉಂಡು, ಹಸಿ ಮೆಂತ್ಯ ಸೊಪ್ಪನ್ನು ಮಾತ್ರ ಮುಟ್ಟಲಿಲ್ಲ, ಅದು ದನಕ್ಕೆ ಹಾಕುವುದೆಂದು ಅವರ ವಾದ. ಹುಬ್ಬಳ್ಳಿಯ ಸಾವಜಿ ಊಟವನ್ನು ಬರುವಾಗ ಮಾಡೋಣವೆಂದು ಉಳಿಸಿಕೊಂಡಿದ್ದೆವು. ಬರುವಾಗ ಹೋಗಿ ನೋಡಿದರೆ ಬೀಗ ಹಾಕಿತ್ತು.

ಬೆಟಗೇರಿ ಮಗ್ಗ:

ಯಾವ ವಾರ ಹೋಗಿದ್ದಿರಿ?

ದಾರಿಹೋಕ:

ಸೋಮವಾರ.

ಬೆಟಗೇರಿ ಮಗ್ಗ:

ಸೋಮವಾರ ನಮ್ಮ ಕಡೆ ಬಹಳ ಜನ ಮಾಂಸ ಮುಟ್ಟುವುದಿಲ್ಲ, ಕೆಲವರು ಬಾಗಿಲನ್ನೇ ತೆರೆಯುವುದಿಲ್ಲ. ತಪ್ಪು ನನ್ನದು, ಮೊದಲೇ ಹೇಳಬೇಕಿತ್ತು. ಮುಂದಿನ ಸಲ ರವಿವಾರ ಬನ್ನಿ, ಹನ್ನೆರಡಕ್ಕೇ ಬನ್ನಿ. ಶ್ರಾವಣದಲ್ಲಿ ಮಾತ್ರ ಬೇಡ.